ಹಲ್ಲಕ್ಕ ಮೆಷಿನ್ ನಿಲ್ಲಿಸದ ದಿನ

ನಮ್ಮತ್ತಿಗೆಯ ಬಗ್ಗೆ ಯಾರಾದರೂ ನಾಲ್ಕಕ್ಷರ ಬರೆಯಬೇಕು ಎಂದು ಓದುಬರಹ ಬಲ್ಲ ಎಷ್ಟೋ ಜನರಿಗೆ ಹೇಳಿ ನೋಡಿದೆ. ಎಲ್ಲರೂ ‘ಹೂಂ, ಬರೆಯೋಣ’ ಎಂದರು. ಒಬ್ಬರಾದರೂ ಪೆನ್ನು ಮುಟ್ಟಲಿಲ್ಲ. ಇವರನ್ನು ನಂಬಿಕೊಂಡು ಕೂತರೆ ಆದಂತೆಯೇ ಎಂದು ಈಗ ನಾನೇ ಶುರು ಮಾಡಿದ್ದೇನೆ. ನಾನು ಪಾಲಿಶ್ ಕೆಲಸದವನು. ಇಪ್ಪತ್ತೆಂಟು ವರ್ಷದಿಂದ ಗಿರಗಿರ ತಿರುಗುವ ಬಟ್ಟೆಚಕ್ರಕ್ಕೆ ಉಕ್ಕು ಒತ್ತಿ ಒತ್ತಿ ಬೆರಳ ತುದಿಯ ಗೆರೆಗಳೇ ಸವೆದುಹೋಗಿವೆ. ಅಕ್ಷರ ಸೊಟ್ಟಗಿದ್ದರೆ ಓದುವವರು ಕತ್ತು ಸೊಟ್ಟ ಮಾಡಿಕೊಂಡು ಓದಿಕೊಳ್ಳಲಿ.

ಅತ್ತಿಗೆ ಹಲ್ಲು ಕಡಿಯುವವರು. ಸಿಟ್ಟಿನಲ್ಲಿ ಕಡಿಯುವ ಹಲ್ಲಲ್ಲ, ಆ ಕೆಲಸ ನನ್ನದು. ಅವರು ಕಡಿಯುವುದು ಗೇರ್ ಚಕ್ರದ ಹಲ್ಲು. ಆಸ್ಪತ್ರೆಯ ಮಂಚ ಮೇಲೇಳುವುದಕ್ಕೆ, ಹಿಟ್ಟಿನ ಗಿರಣಿ ತಿರುಗುವುದಕ್ಕೆ, ಅಚ್ಚಿನ ಮೆಷಿನ್ನಿನಲ್ಲಿ ಕಾಗದ ಮುಂದೆ ಸರಿಯುವುದಕ್ಕೆ ಒಳಗೆಲ್ಲೋ ಒಂದು ಹಲ್ಲಿನ ಚಕ್ರ ಬೇಕು. ಹೊಸದಾದರೆ ಕಂಪನಿಯವರು ಕೊಡುತ್ತಾರೆ. ಹಳೆಯದಾಗಿ ಹಲ್ಲು ಮುರಿದಾಗ, ಕಂಪನಿಯೇ ಮುಚ್ಚಿಹೋಗಿರುವಾಗ, ಮುರಿದ ಚಕ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜನ ನಮ್ಮ ಬೀದಿಗೆ ಬರುತ್ತಾರೆ. ‘ಹಲ್ಲಕ್ಕ ಎಲ್ಲಿ?’ ಎಂದು ಬೀದಿಯ ಬಾಯಲ್ಲಿ ಕೇಳಿದರೆ ಸಾಕು, ಮೂರು ಜನ ಒಟ್ಟಿಗೆ ಕೈ ತೋರಿಸುತ್ತಾರೆ.

ಅತ್ತಿಗೆ ಕುಳ್ಳಗೆ, ಗಟ್ಟಿಮುಟ್ಟಾಗಿದ್ದಾರೆ. ನೀಲಿ ಮೇಲಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ದಾರ ಕಟ್ಟಿ ಕತ್ತಿಗೆ ಇಳಿಬಿಟ್ಟ ಕನ್ನಡಕ. ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಬೆಳೆಸಿದ್ದಾರೆ. ಕಡಿದು ಮುಗಿಸಿದ ಚಕ್ರದ ಹಲ್ಲಿನ ಮೇಲೆ ಆ ಉಗುರು ಎಳೆಯುತ್ತಾರೆ. ಉಗುರಿಗೆ ಏನಾದರೂ ತಗುಲಿತೋ, ಚಕ್ರ ಹಳೇ ಕಬ್ಬಿಣದ ಡಬ್ಬಕ್ಕೆ. ‘ಇಷ್ಟು ಸಣ್ಣದಕ್ಕೆಲ್ಲ ಬಿಸಾಕ್ತಾರಾ ಅತ್ತಿಗೆ, ನಾನು ಪಾಲಿಶಲ್ಲಿ ಸರಿಮಾಡ್ತೀನಿ ಕೊಡಿ’ ಎಂದು ಮೊದಮೊದಲು ನಾನು ಹಲ್ಲು ಗಿಂಜಿದ್ದುಂಟು. ‘ನೀನು ಹೊಳಪು ಕೊಡೋನು. ಸುಳ್ಳಿಗೆ ಹೊಳಪು ಕೊಡೋದು ಬೇಡ’ ಎಂದಿದ್ದರು. ಆಮೇಲೆ ನಾನು ಆ ಮಾತೆತ್ತಿಲ್ಲ.

ಅತ್ತಿಗೆ ಕೆಲಸ ಕಲಿತದ್ದು ತಮ್ಮ ಅಪ್ಪನಿಂದ. ನಮ್ಮ ಬೀದಿಯಲ್ಲಿ ಮೊದಲ ಶೆಡ್ಡು ಹಾಕಿದವರು ಅವರೇ. ಎರಡು ಟನ್ ತೂಕದ ಆ ಹಲ್ಲು ಕಡಿಯುವ ಮೆಷಿನ್ನನ್ನು ನೆಲ ಅಗೆದು, ಕಾಂಕ್ರೀಟು ತುಂಬಿ, ರಸಮಟ್ಟ ಇಟ್ಟು ನೋಡಿ, ಮತ್ತೆ ಬಿಚ್ಚಿ, ಮತ್ತೆ ಕೂರಿಸಿ, ಮೂರು ತಿಂಗಳು ಅದರ ಸುತ್ತಲೇ ಉರುಳಾಡಿದರಂತೆ. ಅತ್ತಿಗೆಗೆ ಆಗ ಒಂಬತ್ತು ವರ್ಷ. ರಸಮಟ್ಟದ ಗುಳ್ಳೆ ನಡುವೆ ನಿಂತಿತೋ ಇಲ್ಲವೋ ನೋಡಿ ಹೇಳುವುದು ಅವರ ಕೆಲಸ. ಇವತ್ತಿಗೂ ಆ ಮೆಷಿನ್ ಕೂದಲೆಳೆಯಷ್ಟೂ ಅಲುಗಿಲ್ಲ. ಅದನ್ನು ಕಿತ್ತು ಇನ್ನೊಂದು ಕಡೆ ಇಟ್ಟರೆ ಹಾಗೆಯೇ ಕೂರುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಅತ್ತಿಗೆಗೂ ಇಲ್ಲ.

ನಮ್ಮಣ್ಣನಿಗೆ ಮೆಷಿನ್ ಎಂದರೆ ಅಷ್ಟಕ್ಕಷ್ಟೆ. ಅವನು ಬಸ್ ಕಂಡಕ್ಟರ್. ಮನೆಯಲ್ಲಿ ಅಡುಗೆ ಅವನದು, ಗಂಟಲೂ ಅವನದು. ಅತ್ತಿಗೆ ಹತ್ತು ಮಾತಿಗೆ ಒಂದಾಡುತ್ತಾರೆ. ಉಳಿದ ಒಂಬತ್ತನ್ನು ಅಣ್ಣ ಅವರ ಪರವಾಗಿ ಆಡಿ ಮುಗಿಸುತ್ತಾನೆ.

ಇನ್ನು ನಮ್ಮ ಬೀದಿಯ ಮರ್ಯಾದೆಯ ವಿಷಯ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮನ್ನು ಗುಂಡಿಗೆ ತಳ್ಳಲು ಹೋಗಿದ್ದು ಇದೇ. ನಮ್ಮಲ್ಲಿ ಯಾರಾದರೂ ಹೊಸ್ತಿಲು ದಾಟಿ ಒಳಗೆ ಬಂದರೆ ಮೆಷಿನ್ ನಿಲ್ಲಿಸುತ್ತೇವೆ. ಗಿರಾಕಿಯಾಗಲಿ, ನೆಂಟನಾಗಲಿ, ದಾರಿ ಕೇಳಲು ಬಂದವನಾಗಲಿ. ಬಂದವರು ಗಂಟಲು ಹರಿದುಕೊಂಡು ಕೂಗಬಾರದು. ಇದನ್ನು ಶುರು ಮಾಡಿದ್ದು ಅತ್ತಿಗೆಯ ಅಪ್ಪ. ಅವರ ಒಂದು ಕಿವಿ ಆಗಲೇ ಹೋಗಿತ್ತು, ಬಂದವರ ಮಾತು ಕೇಳಬೇಕಾದರೆ ನಿಲ್ಲಿಸಲೇಬೇಕಿತ್ತು. ಅವರನ್ನು ನೋಡಿ ಉಳಿದವರೂ ಕಲಿತರು. ಈಗ ಇಪ್ಪತ್ತಾರು ಶೆಡ್ಡಿನವರ ಕೈಗೂ ಅದೇ ಅಭ್ಯಾಸ. ಬಾಗಿಲಲ್ಲಿ ನೆರಳು ಬಿದ್ದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ನಿಲ್ಲಿಸದೆ ಮಾತಾಡಿಸುವವನನ್ನು ನಾವು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಪಕ್ಕದ ಬೀದಿ ಮೂರು ವರ್ಷದ ಹಿಂದೆಯೇ ಹೋಯಿತು. ಅಲ್ಲಿ ಎರಕದ ಕೆಲಸದವರಿದ್ದರು. ಈಗ ಅಲ್ಲಿ ಹನ್ನೆರಡು ಮಹಡಿಯ ಮನೆಗಳು, ಕೆಳಗೊಂದು ಕಾಫಿ ಅಂಗಡಿ. ಆ ಅಂಗಡಿಯ ಬಾಗಿಲಲ್ಲಿ ಅಲಂಕಾರಕ್ಕೆಂದು ಕಬ್ಬಿಣವನ್ನು ತಿರುಗಿಸಿ ದುಂಡು ಮಾಡುವ ಒಂದು ಹಳೆಯ ಲೇತ್ ಮೆಷಿನ್ ಇಟ್ಟಿದ್ದಾರೆ. ಚಿನ್ನದ ಬಣ್ಣ ಬಳಿದು, ಕೆಲಸ ಹಿಡಿಯುವ ಬಾಯಿಗೆ ಒಂದು ಹೂಕುಂಡ ಸಿಕ್ಕಿಸಿದ್ದಾರೆ. ನಮ್ಮ ಬೀದಿಯ ಲೇತ್ ತಾತ ಒಮ್ಮೆ ಅದನ್ನು ನೋಡಲು ಹೋಗಿ ಗುರುತು ಹಿಡಿದ. ಅದು ಅವನ ಗೆಳೆಯನ ಮೆಷಿನ್. ತಾತ ಬಂದು ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಅತ್ತಿಗೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಕಾಫಿ ಕುಡಿಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ ಲೇತಿನ ಕೈಚಕ್ರ ಹಿಡಿದು ತಿರುಗಿಸಲು ನೋಡಿದರು. ಅಲ್ಲಾಡಲಿಲ್ಲ. ಬಣ್ಣ ಸಂದುಗೊಂದಿಗೆಲ್ಲ ಇಳಿದು ಗಟ್ಟಿಯಾಗಿತ್ತು.

‘ಕೆಟ್ಟಿರಲಿಲ್ಲ ಇದು. ಬಣ್ಣ ಹೊಡೆದು ಕೊಂದಿದಾರೆ’ ಎಂದರು ಅತ್ತಿಗೆ. ಒಳಗಿಂದ ಬಂದ ಹುಡುಗಿ, ‘ಮೇಡಂ, ದಯವಿಟ್ಟು ಮುಟ್ಟಬೇಡಿ’ ಎಂದಳು. ಮೂವತ್ತೈದು ವರ್ಷ ಮೆಷಿನ್ ಮುಟ್ಟಿ ಬದುಕಿದವರಿಗೆ!

ಅದಾದ ಮೇಲೆ ನಮ್ಮ ಬೀದಿಗೆ ಆ ಕಟ್ಟಡದ ಕಂಪನಿಯಿಂದ ಒಬ್ಬ ಬರತೊಡಗಿದ. ಯಾವಾಗಲೂ ನಗುತ್ತಿದ್ದುದರಿಂದ ನಾವು ಅವನಿಗೆ ನಗುಮುಖ ಎಂದು ಹೆಸರಿಟ್ಟೆವು. ಅತ್ತಿಗೆಯ ಶೆಡ್ಡಿಗೆ ಬಂದ. ಅತ್ತಿಗೆ ಮೆಷಿನ್ ನಿಲ್ಲಿಸಿದರು, ಸ್ಟೂಲ್ ಒರೆಸಿ ಕೊಟ್ಟರು, ನನ್ನಿಂದ ಟೀ ತರಿಸಿದರು. ಅವನು ಅರ್ಧ ಗಂಟೆ ಬೆಣ್ಣೆ ಸವರಿದ. ಬೀದಿಯ ಹಳೆಯ ಗೋಡೆಗಳನ್ನು ಹಾಗೇ ಉಳಿಸುತ್ತಾರಂತೆ, ಒಳಗೆ ಚಿತ್ರ ಬರೆಯುವವರು, ಫೋಟೋ ತೆಗೆಯುವವರು ಬರುತ್ತಾರಂತೆ, ನಮಗೆ ಊರ ಹೊರಗೆ ನಲವತ್ತು ಮೈಲಿ ಆಚೆ ವಿಶಾಲವಾದ ಜಾಗ ಕೊಡುತ್ತಾರಂತೆ. ‘ನಿಮ್ಮ ಮೆಷಿನ್ ಇಲ್ಲೇ ಇರುತ್ತೆ ಮೇಡಂ, ನೆನಪಿಗೆ’ ಎಂದ. ಅತ್ತಿಗೆ ಪೂರ್ತಿ ಕೇಳಿಸಿಕೊಂಡರು. ‘ಟೀ ಆರೋಗುತ್ತೆ, ಕುಡೀರಿ’ ಎಂದರು, ಅಷ್ಟೆ. ಅವನು ಹೋದ ಮೇಲೆ ನಾನು ಕುದಿದುಬಿಟ್ಟೆ. ‘ಅಂಥವನಿಗೆ ಟೀ ಬೇರೆ ಕೇಡು’ ಎಂದೆ. ‘ಬಂದೋರು ಬಂದೋರೇ’ ಎಂದು ಅವರು ಮತ್ತೆ ಸ್ವಿಚ್ ಹಾಕಿದರು.

ನಗುಮುಖನಿಗೆ ಅಡ್ಡಿಯಾಗಿದ್ದದ್ದು ನಾವಲ್ಲ, ಒಂದು ಬಣ್ಣ. ನಗರ ಯೋಜನೆ ಕಚೇರಿಯಲ್ಲಿ ಊರಿನ ದೊಡ್ಡ ನಕ್ಷೆಯಿದೆ. ಅದರಲ್ಲಿ ಮನೆಗಳಿಗೆ ಹಳದಿ, ಕಾರ್ಖಾನೆಗಳಿಗೆ ನೇರಳೆ. ನಮ್ಮ ಬೀದಿ ಸಣ್ಣದೊಂದು ನೇರಳೆ ಗೆರೆ. ಆ ಗೆರೆ ನೇರಳೆಯಾಗಿರುವವರೆಗೆ ಅಲ್ಲಿ ಯಾರೂ ಮನೆ ಕಟ್ಟುವ ಹಾಗಿಲ್ಲ, ನಮ್ಮನ್ನು ಸದ್ದು ಮಾಡಬೇಡಿ ಎನ್ನುವ ಹಾಗೂ ಇಲ್ಲ. ಹಳದಿಯಾಯಿತೋ, ಮಾರನೆಯ ವರ್ಷದಿಂದ ನಮ್ಮ ಲೈಸೆನ್ಸು ಮುಂದುವರಿಯುವುದಿಲ್ಲ. ಬಣ್ಣ ಬದಲಿಸಬೇಕಾದರೆ ಬೀದಿಯ ಅರ್ಧಕ್ಕಿಂತ ಹೆಚ್ಚು ಶೆಡ್ಡುಗಳು ಕೆಲಸ ನಿಲ್ಲಿಸಿವೆ ಎಂದು ಸರ್ಕಾರದ ಸರ್ವೆಯಲ್ಲಿ ಕಾಣಬೇಕು. ನಮಗೆ ನಗು ಬಂತು. ಬೆಳಗ್ಗೆ ಎಂಟಕ್ಕೆ ಶುರುವಾದರೆ ನಮ್ಮ ಬೀದಿಯಲ್ಲಿ ಪಕ್ಕದವನ ಸೀನು ಕೇಳಿಸುವುದಿಲ್ಲ. ಬರಲಿ ಸರ್ವೆ, ನೋಡಿಕೊಂಡು ಹೋಗಲಿ ಎಂದೆವು.

ಸರ್ವೆ ಬಂತು. ಬೇಸಿಗೆಯ ಮಟಮಟ ಮಧ್ಯಾಹ್ನ ಒಬ್ಬ ತೆಳ್ಳನೆಯ ಯುವಕ, ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲೊಂದು ಫಾರಂ. ಪಾಪ, ಬಹಳ ಮರ್ಯಾದಸ್ಥ. ಪ್ರತಿ ಶೆಡ್ಡಿನ ಬಾಗಿಲಲ್ಲೂ ‘ಒಳಗೆ ಬರಬಹುದಾ?’ ಎಂದು ಕೇಳಿ ಬಂದ. ನನ್ನ ಶೆಡ್ಡಿಗೆ ಬಂದಾಗ ನಾನು ಮೋಟರ್ ನಿಲ್ಲಿಸಿ, ಕುರ್ಚಿ ಒರೆಸಿ, ನೀರು ಕೊಟ್ಟೆ. ಒಂದು ಫೋಟೋ ತೆಗೆಯಬಹುದಾ ಎಂದ. ತಲೆ ಬಾಚಿಕೊಂಡು ಮೆಷಿನ್ ಪಕ್ಕ ನಗುತ್ತ ನಿಂತೆ. ಲೇತ್ ತಾತನಂತೂ ಒಗೆದ ಅಂಗಿ ಹಾಕಿಕೊಂಡು ಬಂದ. ಇಂಥ ಒಳ್ಳೆಯ ಹುಡುಗರೂ ಸರ್ಕಾರದಲ್ಲಿದ್ದಾರಲ್ಲ ಎಂದು ಸಂಜೆ ಟೀ ಅಂಗಡಿಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಹದಿನೆಂಟು ದಿನ ಕಳೆದು ಬೀದಿಯ ಬಾಯಲ್ಲಿರುವ ದೀಪದ ಕಂಬಕ್ಕೆ ನೋಟಿಸು ಅಂಟಿಸಿದರು. ಗಟ್ಟಿಯಾಗಿ ಓದಿದವನು ಅಣ್ಣ. ‘ಇಪ್ಪತ್ತಾರು ಶೆಡ್‌ಗಳ ಪೈಕಿ ಇಪ್ಪತ್ತನಾಲ್ಕರಲ್ಲಿ ಯಂತ್ರಗಳು ಚಾಲನೆಯಲ್ಲಿ ಇರುವುದಿಲ್ಲ. ಆದಕಾರಣ ಸದರಿ ಬೀದಿಯನ್ನು ವಾಸದ ವಲಯವಾಗಿ ಬದಲಿಸಲು ಪ್ರಸ್ತಾಪಿಸಲಾಗಿದೆ.’

ಓಡುತ್ತಿವೆ ಎಂದು ಬರೆದಿದ್ದ ಎರಡು ಯಾವುವು ಗೊತ್ತೇ? ಒಂದು ಉಕ್ಕು ಕಾಯಿಸುವ ಕುಲುಮೆ. ಅದನ್ನು ಯಾರು ಬಂದರೂ ಆರಿಸಲು ಆಗುವುದಿಲ್ಲ. ಇನ್ನೊಂದು, ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದವನ ಶೆಡ್ಡು. ಒಳಗೆ ಅವನ ಗಾಳಿ ಪಂಪು ತನ್ನಷ್ಟಕ್ಕೆ ಗೊರಗೊರ ಎನ್ನುತ್ತಿತ್ತಂತೆ. ಶೆಡ್ಡಿನಲ್ಲಿದ್ದು ಮರ್ಯಾದೆ ಮಾಡಿದವರೆಲ್ಲ ಸತ್ತವರಾದೆವು, ಬಾಗಿಲು ಹಾಕಿಕೊಂಡು ಹೋದವನು ಬದುಕಿಕೊಂಡ. ನನಗೆ ಮೈಯೆಲ್ಲ ಉರಿದುಹೋಯಿತು. ತಲೆ ಬೇರೆ ಬಾಚಿಕೊಂಡಿದ್ದೆನಲ್ಲ ಮುಠ್ಠಾಳ ಎಂದು ನನ್ನನ್ನೇ ಬೈದುಕೊಂಡೆ.

ಬೀದಿಯವರೆಲ್ಲ ಕಂಬದ ಸುತ್ತ ನಿಂತು ಒಬ್ಬರ ಮೇಲೊಬ್ಬರು ಹಾರಾಡುತ್ತಿದ್ದಾಗ ಅತ್ತಿಗೆ ಮಾತಾಡದೆ ತಮ್ಮ ಶೆಡ್ಡಿಗೆ ಹೋದರು. ನಾನೂ ಹಿಂದೆ ಹೋದೆ. ಕಿಟಕಿಯ ಕಟ್ಟೆಯ ಮೇಲಿದ್ದ ಒಂದು ಚಕ್ರವನ್ನು ಎತ್ತಿ ನನ್ನ ಕೈಗಿಟ್ಟರು.

‘ಉಗುರು ಎಳೆದು ನೋಡು.’

ಎಳೆದೆ. ಹಲ್ಲಿನ ನಡು ಎತ್ತರದಲ್ಲಿ ಉಗುರು ಟಕ್ಕೆಂದು ತಡೆಯಿತು. ಪಕ್ಕದ ಹಲ್ಲಿಗೂ ಅಷ್ಟೇ ಎತ್ತರದಲ್ಲಿ, ಅದರ ಪಕ್ಕದ್ದಕ್ಕೂ. ಚಕ್ರದ ಸುತ್ತ ಒಂದೇ ಸಮನೆ ಕೂದಲಿನಂಥ ಗೆರೆ.

‘ಇದೇನತ್ತಿಗೆ, ನಿಮ್ಮ ಕೈಯಲ್ಲಿ ಇಂಥದ್ದು?’

‘ಆ ಹುಡುಗ ಬಂದಾಗ ಕಟರ್ ಎಲ್ಲಾ ಹಲ್ಲನ್ನೂ ಒಟ್ಟಿಗೆ ಕಡೀತಾ ಅರ್ಧ ಇಳಿದಿತ್ತು. ಮಧ್ಯದಲ್ಲಿ ನಿಲ್ಲಿಸಿದ್ರೆ ಗೆರೆ ಬೀಳುತ್ತೆ ಅಂತ ಗೊತ್ತಿತ್ತು. ಪಾಪ, ಬಿಸಿಲಲ್ಲಿ ಬಂದಿದಾನೆ, ಕೂಗಿಸೋದು ಯಾಕೆ ಅಂತ ನಿಲ್ಲಿಸಿದೆ.’ ಚಕ್ರವನ್ನು ನನ್ನ ಕೈಯಿಂದ ವಾಪಸ್ ತೆಗೆದುಕೊಂಡು, ‘ಇದನ್ನ ಯಾಕೋ ಡಬ್ಬಕ್ಕೆ ಹಾಕೋಕೆ ಮನಸ್ಸಾಗಲಿಲ್ಲ’ ಎಂದರು. ಅವರ ಕಣ್ಣು ಕೆಂಪಾಗಿತ್ತು. ಅತ್ತಿಗೆಗೆ ಸಿಟ್ಟು ಬಂದದ್ದನ್ನು ನಾನು ಅವತ್ತು ಮೊದಲ ಸಲ ನೋಡಿದೆ. ಅಪ್ಪ ಮೂರು ತಿಂಗಳು ಮಂಡಿಯೂರಿ ಕೂರಿಸಿದ ಮೆಷಿನ್ನನ್ನು ಒಂದು ಲೋಟ ನೀರು, ಒಂದು ನಮಸ್ಕಾರಕ್ಕೆ ಕಳೆದುಕೊಳ್ಳುವ ಹಾಗಾಗಿತ್ತು.

ಆಕ್ಷೇಪಣೆ ಕೇಳಲು ಕಚೇರಿಯಲ್ಲಿ ಸಭೆ ಇಟ್ಟಿದ್ದರು. ಬೀದಿಯಿಂದ ಒಬ್ಬರು ಮಾತ್ರ ಮಾತಾಡಬೇಕು, ಮೂರು ನಿಮಿಷ. ನಾನು ಮಾತಾಡುತ್ತೇನೆ ಎಂದೆ. ‘ನೀನು ಬೇಡಪ್ಪ, ಮೊದಲನೇ ನಿಮಿಷದಲ್ಲೇ ಹೊರಗೆ ಹಾಕ್ತಾರೆ’ ಎಂದ ತಾತ. ಅಣ್ಣ ಎದೆ ಮುಂದೆ ಮಾಡಿಕೊಂಡು ನಿಂತ. ‘ನೀವೂ ಬೇಡ, ನೀವು ಮೂರು ನಿಮಿಷಕ್ಕೆ ನಿಲ್ಲಿಸೋರಲ್ಲ’ ಎಂದರು ಅತ್ತಿಗೆ. ಹೀಗೆ ಹತ್ತಕ್ಕೆ ಒಂದು ಮಾತಾಡುವವರೇ ಹೋಗುವುದೆಂದಾಯಿತು.

ಸಭೆಯಲ್ಲಿ ಎತ್ತರದ ಕುರ್ಚಿಯಲ್ಲಿ ಮುಖ್ಯ ಅಧಿಕಾರಿ, ಪಕ್ಕದಲ್ಲಿ ಸರ್ವೆ ಹುಡುಗ, ಎದುರಿಗೆ ಮೊದಲ ಸಾಲಿನಲ್ಲಿ ನಗುಮುಖ. ಗೋಡೆಯ ಮೇಲೆ ನಮ್ಮ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಅಯ್ಯೋ ದೇವರೇ! ಮೆಷಿನ್ ತಣ್ಣಗೆ ನಿಂತಿದೆ, ಪಕ್ಕದಲ್ಲಿ ನಾವು ಹಲ್ಲು ಕಿರಿದುಕೊಂಡು ನಿಂತಿದ್ದೇವೆ. ಒಂದಲ್ಲ, ಎರಡಲ್ಲ, ಇಪ್ಪತ್ನಾಲ್ಕು. ನಮ್ಮ ಸಾವಿನ ಸರ್ಟಿಫಿಕೇಟಿಗೆ ನಾವೇ ಫೋಟೋ ತೆಗೆಸಿಕೊಂಡು ಕೊಟ್ಟಂತಿತ್ತು. ನನ್ನ ಫೋಟೋ ಬಂದಾಗ ಹಿಂದೆ ಯಾರೋ ಕಿಸಕ್ಕೆಂದರು.

ಅತ್ತಿಗೆ ಎದ್ದರು. ಚೀಲದಿಂದ ಚಕ್ರ ತೆಗೆದು ಅಧಿಕಾರಿಯ ಮೇಜಿನ ಮೇಲೆ ಇಟ್ಟರು. ಇಟ್ಟ ಸದ್ದಿಗೆ ಲೋಟದ ನೀರು ಅಲುಗಿತು.

‘ಉಗುರು ಎಳೆದು ನೋಡಿ ಸಾರ್.’

ಅಧಿಕಾರಿ ಹುಬ್ಬು ಗಂಟಿಕ್ಕಿದರು. ಎಳೆದರು. ‘ಏನೋ ತಡೆಯುತ್ತೆ.’

‘ಅದು ನಿಮ್ಮ ಹುಡುಗ ಒಳಗೆ ಬಂದ ಗಳಿಗೆ ಸಾರ್. ಕಟರ್ ಮೇಲಿಂದ ಕೆಳಗೆ ಇಳೀತಾ ಇತ್ತು. ನಾನು ನಿಲ್ಲಿಸಿದೆ. ಓಡ್ತಾ ಇಲ್ಲದ ಮೆಷಿನ್ನನ್ನ ಯಾರಾದ್ರೂ ನಿಲ್ಲಿಸೋಕೆ ಆಗುತ್ತಾ?’

‘ಈ ಗೆರೆ ಯಾವತ್ತು ಬಿದ್ದಿದ್ದೋ, ನಮಗೆ ಹೇಗೆ ಗೊತ್ತಾಗ್ಬೇಕು?’ ಎಂದು ನಗುಮುಖ ಕೂತಲ್ಲಿಂದಲೇ ಅಂದ. ನಗುತ್ತಲೇ ಅಂದ.

ಅತ್ತಿಗೆ ಚಕ್ರವನ್ನು ಮಗುಚಿ ಹಾಕಿದರು. ಕಡಿಯುವ ಮುಂಚೆ ಪ್ರತಿ ಚಕ್ರದ ಬೆನ್ನಿಗೂ ತಾರೀಖು ಕುಟ್ಟುವುದು ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಧಿಕಾರಿ ಕನ್ನಡಕ ಏರಿಸಿ ಓದಿದರು. ಆಮೇಲೆ ಸರ್ವೆಯ ಫಾರಂ ತೆಗೆದು ನೋಡಿದರು. ತಾರೀಖು ಒಂದೇ. ಹುಡುಗನ ಕಡೆ ತಿರುಗಿ, ‘ನೀವು ಹೋದಾಗ ಮೆಷಿನ್ ಓಡ್ತಾ ಇತ್ತಾ?’ ಎಂದು ಕೇಳಿದರು.

ಹುಡುಗ ಎದ್ದು ನಿಂತ. ಬೆವರಿದ್ದ. ‘ಬಾಗಿಲಿಗೆ ಹೋದಾಗ ಓಡ್ತಾ ಇತ್ತು ಸಾರ್. ಎಲ್ಲಾ ಕಡೆನೂ. ಒಳಗೆ ಹೋದ ತಕ್ಷಣ ನಿಲ್ಲಿಸಿಬಿಡ್ತಿದ್ರು. ಫಾರಂನಲ್ಲಿ ಪರಿಶೀಲನೆ ಸಮಯದಲ್ಲಿ ಅಂತಿದೆ ಸಾರ್. ಪರಿಶೀಲನೆ ಮಾಡೋವಾಗ ನಿಂತಿತ್ತು.’

ಸಭೆಯಲ್ಲಿ ಗುಸುಗುಸು ಎದ್ದಿತು. ನನಗೆ ಆ ಹುಡುಗನ ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು, ಅಷ್ಟೇ ಜೋರಾಗಿ ತಬ್ಬಿಕೊಳ್ಳೋಣ ಅಂತಲೂ ಅನ್ನಿಸಿತು. ಅಷ್ಟು ಜನರೆದುರು ನಿಜ ಹೇಳಿದನಲ್ಲ.

ಅತ್ತಿಗೆ ಇನ್ನೂ ಕೂತಿರಲಿಲ್ಲ. ‘ಇನ್ನೊಂದು ಮಾತು ಸಾರ್. ಆಚೆ ದೊಡ್ಡ ಜಾಗ ಕೊಡ್ತೀವಿ ಅಂತಾರೆ. ಈ ಚಕ್ರದ ಉಕ್ಕನ್ನ ಬೀದಿ ತುದಿಯ ಶೆಡ್ಡಲ್ಲಿ ಗರಗಸದಿಂದ ತುಂಡು ಮಾಡ್ತಾರೆ. ಲೇತ್ ತಾತ ದುಂಡು ಮಾಡ್ತಾನೆ. ನಾನು ಹಲ್ಲು ಕಡೀತೀನಿ. ಕುಲುಮೆಯವನು ಕಾಯಿಸಿ ಗಟ್ಟಿ ಮಾಡ್ತಾನೆ. ನಮ್ಮ ಮೈದುನ ಪಾಲಿಶ್ ಮಾಡ್ತಾನೆ. ಬೆಳಗ್ಗೆ ಬಂದ ಕೆಲಸ ಸಂಜೆಗೆ ಆಗುತ್ತೆ, ಕೈಯಲ್ಲಿ ಹಿಡ್ಕೊಂಡೇ ಓಡಾಡ್ತೀವಿ. ನಮ್ಮಲ್ಲಿ ಒಬ್ಬರನ್ನ ಕಿತ್ತಾಕಿದ್ರೂ ಐದು ಜನ ಹೋದ ಹಾಗೇ. ಆಸ್ಪತ್ರೇಲಿ ಮಂಚ ಏಳಲಿಲ್ಲ ಅಂದ್ರೆ ನಲವತ್ತು ಮೈಲಿ ಯಾರು ಬರ್ತಾರೆ? ನಮಗೆ ನೇರಳೆ ಬೇಕು. ದಯೆ ತೋರ್ಸಿ ಅಂತ ಕೇಳ್ತಿಲ್ಲ. ಇರೋದನ್ನ ಇದೆ ಅಂತ ಬರೀರಿ ಅಂತಿದೀನಿ.’

ಅವರ ಬಾಯಿಂದ ಒಂದೇ ಸಲಕ್ಕೆ ಇಷ್ಟು ಮಾತು ಬಂದದ್ದು ಕಂಡು ಅಣ್ಣ ಬಾಯಿ ತೆರೆದುಕೊಂಡು ಕೂತಿದ್ದ. ಅಧಿಕಾರಿ ಚಕ್ರವನ್ನು ಹಿಂದಕ್ಕೆ ಕೊಟ್ಟು, ‘ನಾನೇ ಬಂದು ನೋಡ್ತೀನಿ. ಯಾವತ್ತು ಅಂತ ಹೇಳಲ್ಲ. ಬಂದಾಗ ಏನು ಕಾಣುತ್ತೋ ಅದನ್ನೇ ಬರೀತೀನಿ. ಮೂರನೇ ಸಲ ಯಾರೂ ಬರಲ್ಲ’ ಎಂದರು.

ಗೆದ್ದೆವು ಎಂದು ನಾವು ಕುಣಿಯುತ್ತ ಬಂದೆವು. ಬೀದಿಗೆ ಬಂದ ಮೇಲೆ ಅತ್ತಿಗೆ ತಣ್ಣೀರು ಸುರಿದರು. ‘ಅವರು ಬಂದಾಗ ಮತ್ತೆ ನಿಲ್ಲಿಸ್ತೀವಿ. ನಮ್ಮ ಕೈ ನನಗೆ ಗೊತ್ತು.’

ಯಾರೂ ನಂಬಲಿಲ್ಲ. ಆಗ ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಸಿ, ಕೈಗೊಂದು ಫೈಲು ಕೊಟ್ಟು, ಅಧಿಕಾರಿಯ ಹಾಗೆ ಬೀದಿಯಲ್ಲಿ ನಡೆಸಿದರು. ನಾವು ಮೆಷಿನ್ ಓಡಿಸುತ್ತಲೇ ಇರಬೇಕು. ಅಣ್ಣ ಹೊಟ್ಟೆ ಮುಂದೆ ಮಾಡಿಕೊಂಡು ಲೇತ್ ತಾತನ ಶೆಡ್ಡಿಗೆ ಕಾಲಿಟ್ಟ. ಟಪ್ ಎಂದು ತಾತ ನಿಲ್ಲಿಸಿದ. ಪಕ್ಕದವನೂ ಟಪ್. ನಾನು? ಬಂದಿರುವವನು ನನ್ನ ಒಡಹುಟ್ಟಿದವನು, ಬೆಳಗ್ಗೆ ಅವನು ಮಾಡಿದ ಉಪ್ಪಿಲ್ಲದ ಸಾರನ್ನೇ ಬೈದುಕೊಂಡು ತಿಂದು ಬಂದಿದ್ದೆ. ಆದರೂ ನನ್ನ ಕೈ ಹೋಗಿ ಸ್ವಿಚ್ ಆರಿಸಿತು.

‘ಥೂ! ಇನ್ನೊಂದು ಸಲ!’ ಎಂದರು ಅತ್ತಿಗೆ.

ಹನ್ನೊಂದು ದಿನ ತಾಲೀಮು ನಡೆಯಿತು. ಅಣ್ಣ ದಿನವೂ ಡ್ಯೂಟಿ ಮುಗಿಸಿ ಅಧಿಕಾರಿಯಾಗಿ ಬಂದ. ಅವನಿಗೆ ಅದರ ರುಚಿ ಹತ್ತಿತು, ಮನೆಯಲ್ಲೂ ಫೈಲು ಹಿಡಿದು ಓಡಾಡತೊಡಗಿದ. ತಾತನೊಬ್ಬನೇ ಕಲಿಯಲಿಲ್ಲ. ‘ಮನೆಗೆ ಬಂದೋರ ಮುಂದೆ ಗರಗರ ಅನ್ನಿಸ್ಕೊಂಡು ಕೂತ್ಕೊಳ್ಳೋಕೆ ನಾನೇನು ಮೃಗಾನಾ?’ ಎಂದು ರೇಗಿದ.

ಅತ್ತಿಗೆ ಅವನ ಮುಂದೆ ಕೂತರು. ‘ತಾತ, ಆ ಹೂಕುಂಡ ನೆನಪಿದೆಯಾ?’

ತಾತನ ಮುಖ ಬಿಗಿದುಕೊಂಡಿತು. ಎದ್ದು ಹೋಗಿ ಒಂದು ಹಳೆಯ ಬಟ್ಟೆ ತಂದು ತನ್ನ ಸ್ವಿಚ್ಚಿನ ಡಬ್ಬಿಯ ಸುತ್ತ ಏಳು ಸುತ್ತು ಸುತ್ತಿ ಗಂಟು ಹಾಕಿದ.

ಅಧಿಕಾರಿ ಬಂದದ್ದು ಒಂದು ಗುರುವಾರ ಬೆಳಗ್ಗೆ ಹತ್ತೂವರೆಗೆ. ಜೊತೆಗೆ ಸರ್ವೆ ಹುಡುಗ, ಸ್ವಲ್ಪ ಹಿಂದೆ ನಗುಮುಖ. ತಾತನ ಶೆಡ್ಡಿಗೆ ಕಾಲಿಟ್ಟರು. ತಾತನ ಕೈ ಸ್ವಿಚ್ಚಿನ ಕಡೆಗೆ ಹೋಯಿತು, ಬಟ್ಟೆ ಸಿಕ್ಕಿತು. ಬಟ್ಟೆಯನ್ನೇ ಹಿಡಿದುಕೊಂಡು ನಿಂತ. ಲೇತ್ ಓಡುತ್ತಲೇ ಇತ್ತು. ಆ ಹೊತ್ತಿನಲ್ಲಿ ತಾತ ಪಟ್ಟ ಸಂಕಟ ನೋಡಿದ್ದರೆ ಗೊತ್ತಾಗುತ್ತಿತ್ತು ನಿಮಗೆ. ನನ್ನಲ್ಲಿಗೆ ಬಂದಾಗ ನಾನು ಎಡಗೈಯನ್ನು ಜೇಬಿನೊಳಗೆ ತುರುಕಿಕೊಂಡು ಬಲಗೈಯಲ್ಲಿ ಉಕ್ಕು ಒತ್ತಿದೆ. ಕಿಡಿ ಹಾರಿ ನಗುಮುಖನ ಬೂಟಿನ ಬಳಿ ಬಿತ್ತು. ಬೇಕೆಂದು ಮಾಡಿದ್ದಲ್ಲ. ಆದರೆ ಬೇಜಾರೂ ಆಗಲಿಲ್ಲ.

ಅಧಿಕಾರಿ ಅತ್ತಿಗೆಯ ಶೆಡ್ಡಿನೊಳಗೆ ಹೋದರು. ನಾನು ಕೆಲಸ ಬಿಟ್ಟು ಬಾಗಿಲಿಗೆ ಓಡಿದೆ, ಮೋಟರ್ ಮಾತ್ರ ಓಡುತ್ತಲೇ ಇರಲಿ ಎಂದು ಬಿಟ್ಟೆ. ಮೆಷಿನ್ ಭರ್ರೋ ಎನ್ನುತ್ತಿತ್ತು, ಕಟರ್ ಮೇಲೆ ಹಾಲಿನಂಥ ಎಣ್ಣೆನೀರು ಸುರಿಯುತ್ತಿತ್ತು. ಅಧಿಕಾರಿ ಏನೋ ಕೇಳಿದರು. ಅತ್ತಿಗೆ ಕಿವಿ ಮುಂದೆ ಮಾಡಿದರು. ಅವರು ಮತ್ತೆ ಕೇಳಿದರು. ಕೊನೆಗೆ ಕೂಗಿದರು: ‘ಸ್ವಲ್ಪ ನಿಲ್ಲಿಸಿ! ನಿಮ್ಮ ಲೈಸೆನ್ಸ್ ಬಗ್ಗೆ ಕೇಳ್ಬೇಕು!’

ನಿಲ್ಲಿಸಿದರೆ ಕಾಣುವುದು ನಿಂತ ಮೆಷಿನ್. ನಿಲ್ಲಿಸದಿದ್ದರೆ ಇಡೀ ಬೀದಿಯ ಹಣೆಬರಹ ಬರೆಯುವವನ ಮಾತನ್ನು ಅವನ ಮುಖದೆದುರೇ ಮೀರಿದ ಹಾಗೆ. ಅತ್ತಿಗೆಯ ಕೈ ಸ್ವಿಚ್ಚಿನ ಕಡೆಗೆ ಹೋದದ್ದನ್ನು ನೋಡಿದೆ. ಅವರು ಜೀವಮಾನದಲ್ಲಿ ಬಾಗಿಲಿಗೆ ಬಂದವರನ್ನು ಕೂಗಿಸಿದವರಲ್ಲ. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

‘ನಿಲ್ಲಿಸಲ್ಲ ಸಾರ್!’ ಎಂದು ಕೂಗಿದರು. ಅಷ್ಟು ದೊಡ್ಡ ಗಂಟಲು ಅವರಿಗಿದೆಯೆಂದು ಯಾರಿಗೆ ಗೊತ್ತಿತ್ತು! ‘ಕಟರ್ ಅರ್ಧ ಇಳಿದಿದೆ! ಒಂದು ಸಲ ನಿಮ್ಮವರಿಗೋಸ್ಕರ ನಿಲ್ಲಿಸಿ ಕೆಟ್ಟಿದೀನಿ! ಇನ್ನು ಹನ್ನೆರಡು ನಿಮಿಷ, ಅಲ್ಲಿ ಸ್ಟೂಲಿದೆ, ಕೂತ್ಕೊಳ್ಳಿ!’

ಅಧಿಕಾರಿಯ ಮುಖ ಕೆಂಪಗಾಯಿತು. ನಗುಮುಖ ಮುಂದೆ ಬಂದು ಅವರ ಕಿವಿಯಲ್ಲಿ ಏನೋ ಹೇಳಹೋದ. ಆ ಸದ್ದಿನಲ್ಲಿ ಕಿವಿಯಲ್ಲಿ ಹೇಳುವುದೆಲ್ಲಿ ಬಂತು? ಅಧಿಕಾರಿ ಕೈ ಅಲ್ಲಾಡಿಸಿ ಅವನನ್ನು ಸುಮ್ಮನಾಗಿಸಿ, ಹೋಗಿ ಸ್ಟೂಲಿನ ಮೇಲೆ ಕೂತರು. ಯಾರೂ ಅದನ್ನು ಒರೆಸಿ ಕೊಟ್ಟಿರಲಿಲ್ಲ. ಪೂರ್ತಿ ಹನ್ನೆರಡು ನಿಮಿಷ ಕೂತರು. ಕಟರ್ ಇಳಿಯುವುದನ್ನೇ ನೋಡಿದರು.

ಮುಗಿದ ಮೇಲೆ ಅತ್ತಿಗೆ ಮೆಷಿನ್ ಆರಿಸಿ, ಚಕ್ರ ಬಿಚ್ಚಿ, ಒರೆಸಿ, ಅವರ ಕೈಗೆ ಕೊಟ್ಟರು. ಇನ್ನೂ ಬೆಚ್ಚಗಿತ್ತು. ಅಧಿಕಾರಿ ಯಾರೂ ಹೇಳದೆ ತಾವೇ ಉಗುರು ಎಳೆದರು, ಒಂದು ಹಲ್ಲಿಗೆ, ಇನ್ನೊಂದಕ್ಕೆ, ಮತ್ತೊಂದಕ್ಕೆ.

‘ಏನೂ ತಗುಲ್ತಿಲ್ಲ’ ಎಂದರು.

‘ನಿಲ್ಲಿಸಲಿಲ್ಲವಲ್ಲ ಸಾರ್’ ಎಂದರು ಅತ್ತಿಗೆ. ಆಮೇಲೆ, ‘ಈಗ ಕೇಳಿ, ಏನು ಬೇಕಾದ್ರೂ. ಟೀ ತರಿಸ್ತೀನಿ’ ಎಂದರು.

ಇಪ್ಪತ್ತಾರರಲ್ಲಿ ಇಪ್ಪತ್ತೈದು ಓಡುತ್ತಿವೆ ಎಂದು ವರದಿ ಬಂತು. ಇಪ್ಪತ್ತಾರನೆಯದು ಗಾಳಿ ಪಂಪಿನವನದು. ಅವತ್ತು ತಿಂಡಿಗೆ ಹೋಗಿದ್ದ, ಈ ಸಲ ಪಂಪು ಆರಿಸಿ ಹೋಗಿದ್ದ. ಹೊಸ ನಕ್ಷೆಯಲ್ಲಿ ನಮ್ಮ ಬೀದಿ ನೇರಳೆಯಾಗಿಯೇ ಉಳಿಯಿತು. ಪಕ್ಕದ ಕಟ್ಟಡದಲ್ಲಿ ಮನೆ ಕೊಳ್ಳುವವರಿಗೆ ಇಲ್ಲಿ ಹಗಲೆಲ್ಲ ಸದ್ದಿರುತ್ತದೆ ಎಂದು ಮುಂಚೆಯೇ ತಿಳಿಸಬೇಕು ಎಂದು ಕೂಡ ಅದರಲ್ಲಿ ಬರೆದಿದ್ದಾರೆ. ಅದನ್ನು ಅಣ್ಣ ಕಂಬದ ಕೆಳಗೆ ನಿಂತು ಮೂರು ಸಲ ಓದಿದ, ಮೂರನೆಯ ಸಲ ಕೇಳಲು ಯಾರೂ ಇರಲಿಲ್ಲ.

ನಾವು ಈಗಲೂ ಬಂದವರಿಗೆ ಮೆಷಿನ್ ನಿಲ್ಲಿಸುತ್ತೇವೆ. ಅದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ತಾತ ಮಾರನೆಯ ದಿನವೇ ಬಟ್ಟೆ ಬಿಚ್ಚಿ ಹಾಕಿದ. ಸರ್ವೆ ಹುಡುಗ ಒಮ್ಮೆ ತನ್ನ ತಾಯಿಯ ಹೊಲಿಗೆ ಮೆಷಿನ್ನಿನ ಮುರಿದ ಚಕ್ರ ಹಿಡಿದುಕೊಂಡು ಬಂದಿದ್ದ, ಅವನಿಗೂ ನಿಲ್ಲಿಸಿದೆವು.

ಕಳೆದ ವಾರ ನಗುಮುಖ ಬಂದ. ಮುಂದಿನ ನಕ್ಷೆ ಬರುವುದಕ್ಕೆ ಇನ್ನೂ ವರ್ಷಗಳಿವೆ, ಈಗಿನಿಂದಲೇ ಮಾತಾಡಿಕೊಳ್ಳೋಣ ಎಂದಿರಬೇಕು. ಕೈಯಲ್ಲಿ ಕಂಪನಿಯ ಮಿರಮಿರ ಮಿಂಚುವ ಹೊಸ ಜಾಹೀರಾತು ಪುಸ್ತಕವಿತ್ತು. ಅತ್ತಿಗೆಯ ಬಾಗಿಲಲ್ಲಿ ಅವನ ನೆರಳು ಬಿತ್ತು. ಅತ್ತಿಗೆ ತಲೆಯೆತ್ತಿ ನೋಡಿದರು, ಮತ್ತೆ ಕೆಲಸದ ಕಡೆ ತಿರುಗಿದರು. ಅವನು ಏನೋ ಹೇಳಿದ. ಜೋರಾಗಿ ಹೇಳಿದ. ಕತ್ತಿನ ನರ ಉಬ್ಬಿಸಿಕೊಂಡು ಕಿರುಚಿದ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ಕೇಳಿಸ್ತಾ ಇಲ್ಲ!’ ಎಂದು ಅತ್ತಿಗೆ ಕೂಗಿದರು.

ನನ್ನ ಶೆಡ್ಡಿನಲ್ಲಿ ಆಗ ಪಾಲಿಶ್ ಮಾಡಲು ಒಂದು ತುಂಡೂ ಇರಲಿಲ್ಲ. ಆದರೂ ಎದ್ದು ಹೋಗಿ ಮೋಟರ್ ಹಾಕಿದೆ. ಆ ಕಡೆಯಿಂದ ತಾತ ಲೇತ್ ಹಾಕಿದ. ಗರಗಸ ಶುರುವಾಯಿತು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಇಪ್ಪತ್ತಾರಕ್ಕೆ ಇಪ್ಪತ್ತಾರೂ.